ಸೋಬಾನೆಯ ರೇಟು

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
18 ಜನವರಿ 2025

ದೊಡ್ಡವ್ವಾ,

ನಿಂತಿದ್ರೆ ಕುಂದ್ರು. ಕುಂತಿದ್ರೆ ಗೋಡೆಗೆ ಒರಗಿಕೋ. ಇವತ್ತು ನನಗೆ ಆಫೀಸಿನಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ!

ಫೋನಲ್ಲೇ ಹೇಳೋಣ ಅಂದ್ರೆ ಲಕ್ಷ್ಮೀದೇವಿ ಅತ್ತಿಗೆ ಸ್ಪೀಕರ್ ಹಾಕ್ತಾಳೆ. ನಿನ್ನ ಸೊಸೆ ಕೈಯಾಗಿನ ಫೋನು ಅಂದ್ರೆ ಓಣಿಗೆಲ್ಲ ಮೈಕು ಹಚ್ಚಿದಂಗೆ. ಅದಕ್ಕೇ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರಿಗೆ ಕಾಗದ ಬರೀತಿದ್ದೀನಿ, ನಗಬ್ಯಾಡ.

ವಿಷಯ ಇದು. ನಾನು ಕೆಲಸ ಮಾಡೋ ಇವೆಂಟ್ ಆಫೀಸಿಗೆ ಒಂದು ದೊಡ್ಡ ಮದುವೆ ಬಂದಿದೆ. ಏಪ್ರಿಲ್ ಮೂವತ್ತು, ಅಕ್ಷಯ ತದಿಗೆ. ಸ್ಟೇಜು, ಹೂವು, ಡಿಜೆ ಎಲ್ಲ ನಮ್ಮದೇ. ಆದ್ರೆ ಹುಡುಗಿ ಕಡೆಯವರು ‘ನಮಗೆ ಸೋಬಾನೆ ಪದ ಬೇಕು, ರೆಕಾರ್ಡ್ ಅಲ್ಲ, ಹಾಡೋ ಹೆಂಗಸರೇ ಬರಬೇಕು’ ಅಂತ ಹಟ ಹಿಡಿದಿದ್ದಾರೆ. ನಮ್ಮ ಮ್ಯಾನೇಜರ್ ನಿಂಗರಾಜ್ ಸರ್ ಎಲ್ಲಾ ಕಡೆ ಫೋನ್ ಹಚ್ಚಿ ಸುಸ್ತಾಗಿ ತಲೆ ಮೇಲೆ ಕೈ ಹೊತ್ತು ಕುಂತಿದ್ರು. ನಾನು ಚಹಾ ಕುಡೀತಾ, ‘ಸರ್, ನಮ್ಮ ದೊಡ್ಡವ್ವ ಹಾಡ್ತಾಳೆ’ ಅಂದೆ. ಅಷ್ಟೇ!

ಅರ್ಧ ಗಂಟೆ ಹಾಡಬೇಕು. ನಾಲ್ಕು ಜನ ಬರಬೇಕು. ಹನ್ನೆರಡು ಸಾವಿರ ಕೊಡ್ತಾರೆ. ದೊಡ್ಡವ್ವಾ, ಹನ್ನೆರಡು ಸಾವಿರ! ನೀನು, ಉಡಚಮ್ಮ, ಮಾರೆಮ್ಮ, ಮಾರೆಮ್ಮನ ವಾರಗಿತ್ತಿ. ನಿಮ್ಮ ನಾಲ್ವರನ್ನು ಬಿಟ್ಟು ಇನ್ನು ಯಾರನ್ನು ಹುಡುಕಲಿ?

ಡಾಕ್ಟರು ನಿನಗೆ ಇನ್ನು ಕೆಸರುಗದ್ದೆಗೆ ಇಳಿಯೋಂಗಿಲ್ಲ, ಮೊಣಕಾಲು ಹೋಗಿದೆ ಅಂದಾಗಿನಿಂದ ನನಗೆ ಅದೇ ಯೋಚನೆ. ನಾಟಿ ಮಾಡದಿದ್ರೆ ದೊಡ್ಡವ್ವನ ಹೊಟ್ಟೆಪಾಡು ಹೆಂಗೆ ಅಂತ. ಈಗ ನೋಡು, ಗಂಟಲು ಇದೆಯಲ್ಲ! ತಡ ಮಾಡಬ್ಯಾಡ, ‘ಹೂಂ’ ಅಂತ ಒಂದು ಅಕ್ಷರ ಬರಿ, ಸಾಕು.

ಕುಣಿಯುತ್ತಿರೋ ನಿನ್ನ
ಮೀನಾಕ್ಷಿ


ಹರಿಹರ
25 ಜನವರಿ 2025

ಮೀನಾ,

ನಿನ್ನ ಕಾಗದ ಬಂದು ಮುಟ್ತು. ನಾನು ನಡ್ಕಂಡು ಹೋಗಿದ್ರೂ ಅದಕ್ಕಿಂತ ಬೇಗ ಮುಟ್ಟುತ್ತಿದ್ದೆ, ಈ ಕಾಲಿನಾಗೆ.

ಕೂಸು ಹುಟ್ಟೋಕ್ಕೆ ಮುಂಚೆ ಕುಲಾವಿ ಹೊಲಿಸಿದ್ಯಲ್ಲೇ. ಯಾರನ್ನ ಕೇಳಿ ಹೆಸರು ಕೊಟ್ಟೆ? ಸೋಬಾನೆ ಪದ ಏನ್ ಸಂತೆ ಬದನೆಕಾಯಾ, ತೂಕ ಹಾಕಿ ಮಾರಾಕೆ? ನಮ್ಮವ್ವ, ಅಂದ್ರೆ ನಿನ್ನ ಅಜ್ಜಿ, ನನಗೆ ಪದ ಕಲಿಸೋವಾಗ ಮೊದಲು ಹೇಳಿದ್ದೇ ಇದು. ಪದಕ್ಕೆ ದುಡ್ಡು ಇಸ್ಕಂಡ್ರೆ ಮದುಮಗಳಿಗೆ ಒಳ್ಳೇದಾಗಲ್ಲ, ಉಡಿ ತುಂಬಿಸ್ಕಂಡು ಬಾ, ಅದೇ ನಿನ್ನ ಸಂಬಳ ಅಂತ. ಸೆರಗಿಗೆ ಐದು ಹಿಡಿ ಅಕ್ಕಿ, ಒಂದು ಬಟ್ಲು ಕೊಬ್ಬರಿ, ಒಂದು ಕುಬುಸದ ಕಣ. ಮೂವತ್ತು ವರ್ಷ ಹಂಗೇ ಹಾಡೀನಿ.

ಇನ್ನೊಂದು ಮಾತು. ನೀ ಬೇಕಂತ್ಲೇ ಬರೀಲಿಲ್ಲ, ನಾನೇ ಬರೀತೀನಿ. ನಿಮ್ಮ ದೊಡ್ಡಪ್ಪ ಹೋಗಿ ಮೂರು ವರ್ಷ ಆತು. ಗಂಡ ಸತ್ತೋಳಿಗೆ ಯಾರು ಉಡಿ ತುಂಬ್ತಾರೆ? ಉಡಿ ಇಲ್ದಿದ್ದಕ್ಕೆ ಪದನೂ ಇಲ್ಲ. ಹೋದ ವರ್ಷ ನಮ್ಮ ಓಣಿ ಸಣ್ಣಬೀರಪ್ಪನ ದೊಡ್ಡ ಮಗಳ ಮದ್ವೆ ಆತು. ನಾಲ್ಕು ಮನೆ ಆಚೆ! ಆ ಹುಡುಗಿ ಹುಟ್ಟಿದಾಗ ತೊಟ್ಲು ಪದ ಹಾಡಿದೋಳು ನಾನು. ಕರೀಲಿಲ್ಲ. ಹೊಸ್ತಿಲಾಗೆ ನಿಂತ್ಕಂಡು ಕೇಳ್ದೆ. ಅಲ್ಲಿ ಹಾಡೋರು ಎರಡನೇ ನುಡಿ ಬಿಟ್ಟು ಮೂರನೇದಕ್ಕೆ ಹಾರಿದ್ರು. ಓಡಿ ಹೋಗಿ ಹೇಳಿ ಬರಾನ ಅನ್ನಿಸ್ತು. ಒಳಗೆ ಬಂದು ಬಾಗ್ಲು ಹಾಕ್ಕಂಡೆ.

ಹಂಗಾಗಿ ಬ್ಯಾಡ. ನಿಮ್ಮ ಸರ್‌ಗೆ ಬ್ಯಾರೆ ಯಾರನ್ನಾದ್ರೂ ನೋಡ್ಕಳ್ರಿ ಅನ್ನು. ನಂದಿಗುಡಿ ಗದ್ದೆ ಗೌಡ್ರು ಸಸಿ ಕಟ್ಟು ಕಟ್ಟಾಕೆ ಬಾ, ಬದುವಿನ ಮೇಲೆ ಕುಂತ್ಕಂಡು ಮಾಡು, ಅರ್ಧ ಕೂಲಿ ಕೊಡ್ತೀನಿ ಅಂದಾರೆ. ನಡೀತೈತೆ.

ಹೊತ್ತಿಗೆ ಸರಿಯಾಗಿ ಉಣ್ಣು.
ನಿನ್ನ ದೊಡ್ಡವ್ವ,
ಉಚ್ಚೆಂಗೆಮ್ಮ


ದಾವಣಗೆರೆ
31 ಜನವರಿ 2025

ದೊಡ್ಡವ್ವಾ,

ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಈ ಗಾದೆ ಬರೆದು, ಆಮೇಲೆ ಹೊಡೆದು ಹಾಕೋಣ ಅಂದುಕೊಂಡೆ. ಹಾಕಲ್ಲ. ಓದಿ ಸಿಟ್ಟು ಮಾಡಿಕೋ.

ಅರ್ಧ ಕೂಲಿಯಲ್ಲಿ ನಿನ್ನ ಮೊಣಕಾಲಿನ ಮಾತ್ರೆಯೂ ಬರಲ್ಲ. ಡಿಜೆ ಹಾಕೋನು ಒಂದು ಗುಂಡಿ ಒತ್ತಿ ಇಪ್ಪತ್ತೈದು ಸಾವಿರ ತಗೊಳ್ತಾನೆ, ಅವನಿಗೆ ಯಾರೂ ‘ಮದುಮಗಳಿಗೆ ಒಳ್ಳೇದಾಗಲ್ಲ’ ಅನ್ನಲ್ಲ. ಮೂವತ್ತು ವರ್ಷ ಕಲಿತ ವಿದ್ಯೆಗೆ ನೀನು ದುಡ್ಡು ಮುಟ್ಟಿದ್ರೆ ಮಾತ್ರ ದೋಷಾನಾ?

ನಿಂಗರಾಜ್ ಸರ್ ನಿನ್ನ ಹೆಸರು ಕೇಳಿದ್ರು, ಊರು ಕೇಳಿದ್ರು, ಧ್ವನಿ ಹೆಂಗಿದೆ ಅಂತ ಕೇಳಿದ್ರು. ದೊಡ್ಡಪ್ಪ ಇದ್ದಾರಾ ಇಲ್ವಾ ಅಂತ ಕೇಳಲೇ ಇಲ್ಲ. ನಾನೂ ಹೇಳಲಿಲ್ಲ.

ಅವರಿಗೆ ‘ಆಗಲ್ಲ’ ಅಂತ ಇನ್ನೂ ಹೇಳಿಲ್ಲ. ಹೇಳೋದೂ ಇಲ್ಲ, ಏನು ಮಾಡ್ತೀಯೋ ಮಾಡಿಕೋ.

ಮೀನಾಕ್ಷಿ


ಹರಿಹರ
17 ಫೆಬ್ರವರಿ 2025

ಮೀನಾ,

ಸಿಟ್ಟು ಬಂದಿತ್ತು. ಅದಕ್ಕೇ ಬರೀಲಿಲ್ಲ. ಈಗ ಬರೀಲೇಬೇಕಾಗಿ ಬಂತು ನೋಡು, ಕೈ ನಿಲ್ಲವಲ್ದು!

ನಿನ್ನೆ ನಂದಿಗುಡಿಗೆ ಹೋಗಿದ್ವಿ. ನಾವು ಗದ್ದೆ ಮುಟ್ಟೋದ್ರಾಗೆ ನಾಟಿ ಮಷಿನ್ ಬಂದು ನಿಂತಿತ್ತು. ಹೊತ್ತು ನೆತ್ತಿಗೆ ಬರೋದ್ರಾಗೆ ಗದ್ದೆ ಖಲಾಸ್. ಗೌಡ್ರು ‘ಇನ್ಮುಂದೆ ಬರೋದು ಬ್ಯಾಡ ಕಣ್ರವ್ವಾ, ಚಹಾ ಕುಡ್ಕಂಡು ಹೋಗ್ರಿ’ ಅಂದ್ರು. ಸಿಟ್ಟಾಗಾಕೂ ಏನಿಲ್ಲ, ಚಹಾ ಕುಡಿದ್ವಿ.

ವಾಪಸ್ ಬಸ್ಸಿನಾಗೆ ಎಲ್ರೂ ಸತ್ತ ಮನೆಯಿಂದ ಬಂದಂಗೆ ಕುಂತಿದ್ರು. ಉಡಚಮ್ಮ ನನ್ನ ಪಕ್ಕೆಗೆ ತಿವಿದು, ‘ಏನಾರ ಒಂದು ಎತ್ತೇ ಉಚ್ಚೆಂಗಿ, ಎದಿ ಭಾರ ಆಗೈತೆ’ ಅಂದ್ಲು. ಮೂರು ವರ್ಷದಿಂದ ಬಾಯಿ ಬಿಟ್ಟಿದ್ದಿಲ್ಲ. ಏನಾತೋ ಏನೋ, ಬೀಗರ ಪದ ಎತ್ತಿಬಿಟ್ಟೆ. ಮಾರೆಮ್ಮ ಸೊಲ್ಲು ಹಿಡಿದ್ಲು. ಕಂಡಕ್ಟರು ಹೆಂಗಸರ ಸೊನ್ನೆ ಟಿಕೆಟ್ ಹರಿಯೋದು ಬಿಟ್ಟು ಕಂಬ ಹಿಡ್ಕಂಡು ನಿಂತ. ಹರಿಹರ ಬಂದ್ರೂ ಯಾರೂ ಇಳೀವಲ್ರು! ಒಬ್ಬ ಹೆಣ್ಣುಮಗಳು, ಗುರ್ತಿಲ್ಲ ಪರಿಚಯ ಇಲ್ಲ, ಇಳಿಯೋವಾಗ ನನ್ನ ಕೈ ಹಿಡಿದು ಕಣ್ಣಿಗೆ ಒತ್ಕಂಡ್ಲು.

ಮೀನಾ, ನಂದು ಸತ್ತಿಲ್ಲ ಕಣೇ. ಗಂಟಲು ಹಂಗೇ ಐತೆ. ರಾತ್ರಿ ಎಲ್ಲ ನಿದ್ದೆ ಬರಲಿಲ್ಲ, ಖುಷಿಗೆ.

ಬರ್ತೀನಿ. ನಾಲ್ಕೂ ಜನ ಬರ್ತೀವಿ. ಆದ್ರೆ ಎರಡು ಕರಾರು. ನಾನು ಹಿಂದೆ ನಿಂತು ಪದ ಎತ್ತಿ ಕೊಡ್ತೀನಿ, ಉಡಚಮ್ಮ ಮುಂದೆ ನಿಲ್ತಾಳೆ. ಎರಡನೇದು, ದುಡ್ಡು ಏನಾರ ಕೊಡ್ಲಿ, ಉಳಿದ ಮೂರೂ ಜನಕ್ಕೆ ಉಡಿ ತುಂಬಬೇಕು, ಮದುಮಗಳ ಮುಂದೇನೇ. ಉಡಿ ಪದ ಒಂದ್ಸಲ ಎತ್ತಿದ್ರೆ ಉಡಿ ತುಂಬೋ ತನಕ ಇಳಿಸಂಗಿಲ್ಲ. ಅರ್ಧಕ್ಕೆ ನಿಲ್ಸಿದ್ರೆ ಆ ಹುಡುಗಿ ಬಾಳು ಅರ್ಧಕ್ಕೆ ನಿಂತಂಗೆ. ಇದನ್ನ ನಿಮ್ಮ ಸರ್‌ಗೆ ಸರಿಯಾಗಿ ತಿಳಿಸಿ ಹೇಳು.

ನನಗೆ ತುಂಬೋದು ಬ್ಯಾಡ. ಅದನ್ನೂ ಹೇಳು. ಯಾಕ ಅಂತ ಹೇಳೋದು ಬ್ಯಾಡ.

ದೊಡ್ಡವ್ವ


ದಾವಣಗೆರೆ
20 ಏಪ್ರಿಲ್ 2025

ನನ್ನ ಬಂಗಾರದಂಥ ದೊಡ್ಡವ್ವಾ,

ಇನ್ನು ಹತ್ತೇ ದಿನ! ಕಾರು ಬೆಳಿಗ್ಗೆ ಏಳಕ್ಕೆ ನಿಮ್ಮ ಓಣಿಗೆ ಬರುತ್ತೆ. ಕಾರೇ, ದೊಡ್ಡವ್ವಾ, ಟಂಟಂ ಅಲ್ಲ! ನಾಲ್ವರಿಗೂ ಇಳಕಲ್ ಸೀರೆ ಅವರೇ ಕೊಡ್ತಾರೆ. ಮೈಕು ನಾಲ್ಕು. ಒಂಬತ್ತಕ್ಕೆ ಶುರು, ಒಂಬತ್ತೂವರೆಗೆ ಮುಗಿಸಬೇಕು, ಆಮೇಲೆ ಡಿಜೆ, ಹತ್ತು ಐವತ್ತಕ್ಕೆ ಮುಹೂರ್ತ.

ಉಡಿ ವಿಷಯ ನಿಂಗರಾಜ್ ಸರ್‌ಗೆ ಹೇಳಿದೆ. ‘ಅಕ್ಕಿ, ಕೊಬ್ಬರಿ, ಬ್ಲೌಸ್ ಪೀಸ್, ಮೂರು ಜನಕ್ಕೆ, ಆಯ್ತು ಬಿಡಮ್ಮ’ ಅಂತ ಅವರ ಪಟ್ಟಿಯಲ್ಲಿ ಬರೆದುಕೊಂಡರು. ಒಳ್ಳೆಯವರು, ಬರೀ ಗಾಬರಿ ಜಾಸ್ತಿ. ಮದುಮಗಳ ಅಜ್ಜಿ ದ್ರಾಕ್ಷಾಯಣಮ್ಮ ಅಂತ ಇದ್ದಾರೆ, ಸೋಬಾನೆ ಬೇಕು ಅಂತ ಹಟ ಮಾಡಿದ್ದೇ ಅವರು.

ಬೇಜಾರಿನ ಸಂಗತಿ ಒಂದೇ. ಅವತ್ತು ನಮ್ಮ ಆಫೀಸಿಗೆ ಎರಡು ಮದುವೆ. ನನ್ನನ್ನು ಇನ್ನೊಂದಕ್ಕೆ ಹಾಕಿದ್ದಾರೆ. ಅತ್ತು ಕರೆದು ಕೇಳಿಕೊಂಡೆ, ಆಗಲಿಲ್ಲ. ನೀನು ಹೆದರಬ್ಯಾಡ, ಜನ ಅಂದ್ರೆ ಗದ್ದೆಯಾಗಿನ ಸಸಿ ಅಂದುಕೋ.

ಮೀನಾಕ್ಷಿ


ದಾವಣಗೆರೆ
30 ಏಪ್ರಿಲ್ 2025, ಸಂಜೆ

ದೊಡ್ಡವ್ವಾ,

ಏನಾಯ್ತು?! ಬೆಳಿಗ್ಗೆ ಹತ್ತಕ್ಕೆ ನಿಂಗರಾಜ್ ಸರ್ ಫೋನ್ ಮಾಡಿ, ‘ನಿಮ್ಮ ದೊಡ್ಡಮ್ಮ ಹಾಡು ನಿಲ್ಲಿಸ್ತಾ ಇಲ್ಲ ಕಣಮ್ಮಾ! ಮುಹೂರ್ತ ತಪ್ಪಿದ್ರೆ ನನ್ನ ಕೆಲಸ ಹೋಗುತ್ತೆ!’ ಅಂತ ಕೂಗಿದರು. ಆಮೇಲೆ ಫೋನ್ ಎತ್ತುತ್ತಿಲ್ಲ. ಅತ್ತಿಗೆ ಫೋನ್ ಸ್ವಿಚ್ ಆಫ್. ಇಲ್ಲಿ ನಾನು ಊಟಕ್ಕೆ ಬಡಿಸೋರ ಮೇಲೆ ರೇಗಾಡ್ತಾ ಇದ್ದೀನಿ.

ನಾಳೆಯೂ ಬಿಡುವಿಲ್ಲ. ಈ ಕಾಗದ ಸ್ಪೀಡ್ ಪೋಸ್ಟ್ ಮಾಡ್ತೀನಿ. ಕೂಡಲೇ ಬರಿ. ಬೈದರಾ? ದುಡ್ಡು ಕೊಟ್ಟರಾ? ಯಾರಾದ್ರೂ ನಿನ್ನ ಹಣೆ ನೋಡಿ ಏನಾದ್ರೂ ಅಂದರಾ?

ಮೀನಾಕ್ಷಿ


ಹರಿಹರ
3 ಮೇ 2025

ಮೀನಾ, ನನ್ನವ್ವಾ,

ಹೆದರ್ಬ್ಯಾಡ. ಯಾರೂ ಬೈಯ್ಲಿಲ್ಲ. ನಡೆದಿದ್ದು ನಡೆದಂಗೇ ಬರೀತೀನಿ, ನೀ ನಡುವೆ ಬಾಯಿ ಹಾಕಬ್ಯಾಡ.

ಆ ಛತ್ರದಾಗೆ ಕಾಲಿಟ್ರೆ ತಣ್ಣಗೆ ಕೊರೀತೈತೆ. ಕುರ್ಚಿಗಳಿಗೂ ಸೀರೆ ಉಡ್ಸಾರೆ! ಒಂಬತ್ತಕ್ಕೆ ಸರಿಯಾಗಿ ಪದ ಎತ್ತಿದೆ. ಮೈಕಿನಾಗೆ ನನ್ನ ದನಿ ನನಗೇ ಬಂದು ಬಡಿದಾಗ ಒಂದು ಹೆಜ್ಜೆ ಹಿಂದೆ ಸರಿದೆ. ಎರಡು ನುಡಿ ಆಗೋದ್ರಾಗೆ ಸರಿ ಹೋತು. ದೇವರ ಪದ, ಹಸೆ ಪದ, ಎಲ್ಲ ಹೇಳಿದ್ವಿ. ಒಂಬತ್ತೂವರೆಗೆ ಹತ್ತು ನಿಮಿಷ ಐತೆ ಅನ್ನೋವಾಗ ಉಡಿ ಪದ ಎತ್ತಿದ್ವಿ.

ಅಲ್ಲಿ ಸಿಕ್ಕಾಕ್ಕಂಡ್ವಿ ನೋಡು. ಪದ ನಡೀತೈತೆ, ಉಡಿ ತಟ್ಟೆ ಬರವಲ್ದು. ನಿಮ್ಮ ನಿಂಗರಾಜ್ ಪಕ್ಕದಾಗೆ ನಿಂತು ಕೈ ತಿರುವಿ ತಿರುವಿ ಮುಗಿಸ್ರಿ ಅಂತಾನೆ. ನಾನು ಸೆರಗು ತೋರಿಸಿ ಉಡಿ ಎಲ್ಲಿ ಅಂತೀನಿ. ಆತ ಹಿಂಬಾಗ್ಲು ಕಡೆ ಬೆರಳು ತೋರಿಸ್ತಾನೆ. ಏನೈತೆ ಅಂತ ನೋಡಿದ್ರೆ ಮೂರು ಕೈಚೀಲ ಸಾಲಾಗಿ ಇಟ್ಟಾನೆ, ಮ್ಯಾಲೆ ರಿಬ್ಬನ್ ಕಟ್ಟಿ! ಅಕ್ಕಿ, ಕೊಬ್ಬರಿ, ಕಣ ಎಲ್ಲ ಅದರಾಗೆ. ಹಾಡು ಮುಗಿಸಿ ಹೋಗೋವಾಗ ಗಿಫ್ಟ್ ಅಂತೆ! ಉಡಿನ ಕೈಚೀಲದಾಗೆ ಹಾಕಿ ಹಿಂಬಾಗ್ಲಾಗೆ ಕೊಡೋದು ಯಾವ ಸೀಮೆ ಪದ್ಧತಿನೇ?

ಹಾಡೋವಾಗ ಮಾತಾಡಂಗಿಲ್ಲ. ನಿಲ್ಸಂಗಿಲ್ಲ. ಆ ಹುಡುಗಿ ಮುಖ ನೋಡಿದ್ರೆ ಹಸುಗೂಸು. ಅದರ ಬಾಳು ಅರ್ಧಕ್ಕೆ ಬಿಟ್ಟು ಹೆಂಗೆ ಇಳೀಲಿ? ಹಾಡಿದ್ವಿ. ಕಲ್ತಿದ್ದ ನುಡಿ ಎಲ್ಲ ಖರ್ಚಾದ್ವು. ಆಮೇಲೆ ಅಲ್ಲೇ ಕಟ್ಟಾಕೆ ಹತ್ತಿದೆ. ಗಂಡಿನ ಕಡೆಯೋರನ್ನ ಹಿಡ್ಕಂಡೆ, ಫೋಟೋದೋನನ್ನ ಹಿಡ್ಕಂಡೆ, ಕೊನೆಗೆ ನಿಂಗರಾಜ್‌ನೂ ಬಿಡಲಿಲ್ಲ:

ಕಿವಿಗೆ ಡಬ್ಬಿ ಕಟ್ಟಿ ಕೈಯಾಗೆ ಹಾಳಿ ಹಿಡಿದು
ಓಡ್ಯಾಡೋ ತಮ್ಮಗೆ ಹೆಣ್ಣು ಸಿಗವಲ್ದು ಸೋಬಾನೆ

ಇಡೀ ಛತ್ರ ಬಿದ್ದು ಬಿದ್ದು ನಗ್ತು! ಮುದುಕೇರೆಲ್ಲ ಕುರ್ಚಿ ಎಳ್ಕಂಡು ಮುಂದೆ ಬಂದು ‘ಸೋಬಾನೆ’ ಅಂತ ಸೊಲ್ಲು ಹಿಡಿದ್ರು. ಡಿಜೆ ಹುಡುಗ್ರು ಕಿವಿಯಾಗಿಂದ ಡಬ್ಬಿ ತೆಗ್ದು ಚಪ್ಪಾಳೆ ಹೊಡಿಯಾಕೆ ಹತ್ತಿದ್ರು. ಮೀನಾ, ನನಗೆ ಐವತ್ತಾರು ಅನ್ನೋದೇ ಮರ್ತು ಹೋಗಿತ್ತು. ಒಂದು ಗಂಟೆ ಹಂಗೇ ಹಾಡಿದ್ವಿ. ಐನೋರು ಗಡಿಯಾರ ನೋಡಾಕೆ ಹತ್ತಿದ್ರು.

ಹತ್ತೂವರೆ ಹೊತ್ತಿಗೆ ಮದುಮಗಳ ಅಜ್ಜಿ ದ್ರಾಕ್ಷಾಯಣಮ್ಮಗೆ ಹೊಳೀತು. ‘ಅಯ್ಯೋ ನಿಮ್ಮ ಮಖಕ್ಕಿಷ್ಟು, ಇವರಿಗೆ ಉಡಿ ತುಂಬಿಲ್ಲೇನ್ರೇ!’ ಅಂತ ಕೂತಲ್ಲಿಂದ್ಲೇ ಕೂಗಿದ್ರು. ಮದುಮಗಳ ತಾಯಿ ಓಡಿ ತಟ್ಟೆ ತಂದು ಉಡಚಮ್ಮಗೆ, ಮಾರೆಮ್ಮಗೆ, ಆಕಿ ವಾರಗಿತ್ತಿಗೆ ತುಂಬಿದ್ರು. ಆಮೇಲೆ ನನ್ನ ಮುಂದೆ ಬಂದ್ರು.

ನಾನು ಹಿಂದೆ ಸರಿದೆ. ಹಾಡ್ತಾನೇ ತಲೆ ಅಲ್ಲಾಡಿಸಿದೆ, ಬ್ಯಾಡ ಅಂತ. ಆಯಮ್ಮ ನನ್ನ ಹಣೆ ನೋಡಿದ್ರು. ಕೈ ಅಲ್ಲೇ ನಿಂತ್ಕಂತು. ನಾನು ಪದ ಇಳಿಸಾನ ಅಂತ ನೋಡಿದ್ರೆ ಉಡಚಮ್ಮ ಬಿಡವಲ್ಲು! ‘ನಿನಗೆ ತುಂಬದೆ ನಾವು ಇಳಿಸಲ್ಲ’ ಅನ್ನೋಹಂಗೆ ಕಣ್ಣು ಬಿಟ್ಟು ಇನ್ನೊಂದು ನುಡಿ ಎತ್ತಿದ್ಲು. ಉಳಿದೋರೂ ಆಕಿ ಹಿಂದೆ. ಮೂರೂ ಜನ ಮೊದ್ಲೇ ಮಾತಾಡ್ಕಂಡಿದ್ರಂತೆ, ರಂಡೇರು. ನನಗೆ ಬೆವರು ಕಿತ್ಕಂಡು ಬಂತು. ಒರೆಸ್ಕಳಾನ ಅಂತ ಸೆರಗು ಎತ್ತಿ ಹಿಡಿದೆ.

ಅದೇ ಹೊತ್ತಿಗೆ ನಿಂಗರಾಜ್ ಓಡಿ ಬಂದ. ‘ಅಮ್ಮಾ, ನಿಮಗೆ ಕೈ ಮುಗೀತೀನಿ, ದುಡ್ಡು ತಗೊಂಡು ನಿಲ್ಸಿ’ ಅಂತ ದುಡ್ಡಿನ ಕವರ್ ನನ್ನ ಸೆರಗಿನಾಗೆ ಧೊಪ್ ಅಂತ ಹಾಕಿಬಿಟ್ಟ! ದುಡ್ಡಿಗೆ ಕಾಯ್ತಿದೀವಿ ಅಂದ್ಕಂಡಿದ್ದ ಪಾಪ. ಮದುಮಗಳ ಮುಂದೆ, ಉಡಿ ತುಂಬೋ ಸೆರಗಿನಾಗೆ, ದುಡ್ಡು. ಮುದುಕೇರೆಲ್ಲ ‘ಹಾ’ ಅಂದ್ರು. ನೆಲ ಬಾಯಿ ಬಿಟ್ರೆ ಇಳಿದು ಹೋಗ್ತಿದ್ದೆ.

ದ್ರಾಕ್ಷಾಯಣಮ್ಮ ಎದ್ರು. ಕೋಲೂರಿಕಂಡು ಬಂದು ಸೊಸೆ ಕೈಯಾಗಿನ ತಟ್ಟೆ ಇಸ್ಕಂಡ್ರು. ಹತ್ರ ಬಂದಾಗ ನೋಡಿದೆ, ಅವರ ಹಣೆನೂ ಬರಿದು. ನಗಾಕೆ ಹತ್ತಿದ್ರು. ‘ದುಡ್ಡು ಬಿದ್ದಾತಲ್ಲವ್ವಾ, ಇನ್ನ ಅಕ್ಕಿ ಬಿದ್ರೆ ಏನಾತು? ದುಡಿದೋಳ ಸೆರಗು ಅದು, ಬರಿದಾಗಿ ಹೋಗಬಾರ್ದು. ಹಿಡಿ ಸರಿಯಾಗಿ’ ಅಂದ್ರು. ಆ ಕವರ್ ಮ್ಯಾಲೇ ಐದು ಹಿಡಿ ಅಕ್ಕಿ ಹಾಕಿದ್ರು. ಕೊಬ್ಬರಿ ಇಟ್ರು, ಕಣ ಇಟ್ರು. ಒಬ್ರೂ ಅಡ್ಡ ಬರಲಿಲ್ಲ.

ಅತ್ತುಬಿಟ್ಟೆ ಮೀನಾ. ಮೈಕಿನಾಗೇ ಅತ್ತೆ. ಅಳ್ತಾನೇ ಕೊನೆ ನುಡಿ ಇಳಿಸಿದೆ:

ತುಂಬಿತು ನಮ್ಮುಡಿ, ತುಂಬಲಿ ನಿನ್ನ ಮನೆ
ಹಾಲು ಉಕ್ಕಿದಂಗೆ ಬಾಳವ್ವಾ ಸೋಬಾನೆ

ಮುಹೂರ್ತಕ್ಕೆ ಎಂಟು ನಿಮಿಷ ಇತ್ತಂತೆ, ಡಿಜೆ ಬಾಯಿ ಬಿಡಾಕೆ ಜಾಗನೇ ಸಿಗಲಿಲ್ಲ. ನಿಂಗರಾಜ್‌ಗೆ ಹೇಳು, ಆ ಪದ ಮನಸ್ಸಿಗೆ ಹಚ್ಕಳದು ಬ್ಯಾಡ, ಹೆಣ್ಣು ಸಿಗ್ತೈತೆ. ದುಡ್ಡು ನಮ್ಮ ನಾಲ್ಕೂ ಜನಕ್ಕೆ ಸರಿಪಾಲು ಆತು. ಆ ಅಕ್ಕಿ ಅನ್ನ ಮಾಡಿ ಮನೆ ಮಂದಿಯೆಲ್ಲ ಉಂಡ್ವಿ.

ದೊಡ್ಡವ್ವ


ದಾವಣಗೆರೆ
9 ಮೇ 2025

ದೊಡ್ಡವ್ವಾ,

ನಿನ್ನ ಕಾಗದ ಆಫೀಸಿನಲ್ಲೇ ಓದಿ ನಕ್ಕೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ನಿಂಗರಾಜ್ ಸರ್‌ಗೆ ಓದಿ ಹೇಳಿದರೆ ಅವರು ಮೊದಲು ನಾಚಿಕೊಂಡು, ಆಮೇಲೆ ‘ಅದು ಪಟ್ಟಿಯಲ್ಲಿ ಹೆಂಗೆ ಬರೀಬೇಕು ಹೇಳಮ್ಮ, ಇನ್ನೊಂದ್ಸಲ ತಪ್ಪಬಾರದು’ ಅಂದರು. ಇನ್ನೊಂದ್ಸಲ ಅಂದ್ರೆ ಏನು ಗೊತ್ತಾ? ಆ ಮದುವೆಗೆ ಬಂದಿದ್ದೋರೇ ಮೂರು ಮನೆಯವರು ಕೇಳ್ತಿದ್ದಾರೆ! ಮೂರು!

ನಿಮ್ಮ ರೇಟು ಎಷ್ಟು ಅಂತ ಕೇಳಿದರು. ನಾನು ಹೇಳಲ್ಲ ಅಂದೆ. ಹಾಡೋಳು ನೀನು. ನೀನೇ ಬಾಯಿ ಬಿಟ್ಟು ಹೇಳಬೇಕು. ಒಂದು ಸಲ ನಿನ್ನ ಬಾಯಿಂದ ಕೇಳಬೇಕು ನನಗೆ.

ಮೀನಾಕ್ಷಿ


ಹರಿಹರ
26 ಮೇ 2025

ಮೀನಾ,

ರೇಟು ಹೇಳು ಅಂದಿದ್ಯಲ್ಲ. ಹೇಳಾಕೆ ಹದಿನೈದು ದಿನ ಬೇಕಾತು. ದಿನಾ ಪಾತ್ರೆ ತಿಕ್ಕೋವಾಗ ಬಾಯಾಗೇ ಅಂದ್ಕಂತಿದ್ದೆ, ದನಿ ಹೊರಗೆ ಬರ್ತಿದ್ದಿಲ್ಲ. ಮೊನ್ನೆ ಬಂತು.

ಸಣ್ಣಬೀರಪ್ಪ ಬಂದಿದ್ದ. ದೊಡ್ಡ ಮಗಳ ಮದ್ವೆಗೆ ಕರೀಲಿಲ್ಲ ಅಂತ ಬರೆದಿದ್ನಲ್ಲ, ಅದೇ ಸಣ್ಣಬೀರಪ್ಪ. ಸಣ್ಣ ಮಗಳ ಮದ್ವೆ ಜೂನ್ ಐದಕ್ಕೆ, ಉಕ್ಕಡಗಾತ್ರಿಯಾಗೆ, ಅಜ್ಜಯ್ಯನ ಸನ್ನಿಧಿಯಾಗೆ. ಕುಂತ. ನೀರು ಕುಡಿದ. ‘ಉಚ್ಚೆಂಗವ್ವಾ, ನೀನೇ ಹಾಡಬೇಕು, ಮಗಳು ಹಟ ಹಿಡಿದಾಳೆ, ಬಿಟ್ಟಿ ಬ್ಯಾಡ, ದುಡ್ಡು ಕೊಡ್ತೀನಿ’ ಅಂದ. ನಾಲ್ಕು ಮನೆ ಆಚೆಯಿಂದ ಬರಾಕೆ ಒಂದು ವರ್ಷ ಬೇಕಾತು ಅವನಿಗೆ.

ಆಮೇಲೆ ಅಂದ, ‘ಆದ್ರೆ ಒಂದು ಮಾತು. ಬೀಗರು ಬಾಳ ಶಾಸ್ತ್ರದೋರು. ನೀನು ಒಳಗಿನ ರೂಮಿನಾಗೆ ಕುಂತ್ಕಂಡು ಮೈಕಿನಾಗೆ ಹಾಡಿಬಿಡು. ಹೊರಗೆ ಉಡಚಮ್ಮ ಅವರು ನಿಲ್ಲಲಿ. ದುಡ್ಡು ಬೇಕಾದ್ರೆ ಹದಿನೈದು ಸಾವಿರ ತಗಾ.’

ಮೀನಾ, ಮೂರು ತಿಂಗಳ ಹಿಂದೆ ಆಗಿದ್ರೆ ‘ಆತಪ್ಪ’ ಅಂತಿದ್ದೆ. ನಾನೇ ಕೇಳಿರ್ಲಿಲ್ವಾ, ಹಿಂದೆ ನಿಲ್ತೀನಿ ಅಂತ? ಈಗ ನನ್ನ ಬಾಯಿಂದ ಏನು ಬಂತು ಕೇಳು. ‘ಸಣ್ಣಬೀರಪ್ಪಾ, ಮುಂದೆ ನಿಂತು ಹಾಡಿದ್ರೆ ನನ್ನ ರೇಟು ಹನ್ನೆರಡು ಸಾವಿರ. ನಾಲ್ಕೂ ಜನಕ್ಕೆ ಉಡಿ ತುಂಬಬೇಕು, ನನಗೂ ಸೇರಿ. ಒಳಗೆ ಕುಂತು ಹಾಡಾಕೆ ನನ್ನ ಹತ್ರ ರೇಟಿಲ್ಲ’ ಅಂದೆ. ದನಿ ನಡುಗಲಿಲ್ಲ.

ಆತ ಎದ್ದು ಹೋದ. ಲಕ್ಷ್ಮೀದೇವಿ ಒಳಗಿಂದ ಬಂದು, ‘ಅತ್ತೆ, ಮನೆ ಬಾಗ್ಲಿಗೆ ಬಂದ ಲಕ್ಷ್ಮೀನ ಒದ್ದಿ’ ಅಂತ ಗೊಣಗಿದ್ಲು. ನಾನೂ ಹೆದರಿದೆ, ಸುಳ್ಳು ಯಾಕ ಹೇಳಲಿ. ಎರಡು ದಿನ ಯಾರ ಸುದ್ದಿನೂ ಇಲ್ಲ.

ಇವತ್ತು ಬೆಳಿಗ್ಗೆ ಬಾಗಿಲು ಬಡಿದ್ರು. ಮದುಮಗಳೇ ಬಂದಿದ್ಲು, ಅವರವ್ವನ್ನ ಕರ್ಕಂಡು. ಎಲೆ ಅಡಿಕೆ, ಅದರ ಮ್ಯಾಲೆ ಮುಂಗಡ. ಸಣ್ಣಬೀರಪ್ಪ ಓಣಿ ತಿರುವಿನಾಗೆ ನಿಂತಿದ್ದ, ಒಳಗೆ ಬರಲಿಲ್ಲ. ಆ ಹುಡುಗಿ ನನ್ನ ಕಾಲು ಮುಟ್ಟಿ, ‘ನನ್ನ ಎದುರಿಗೇ ನಿಂತ್ಕ ದೊಡ್ಡವ್ವಾ, ನಿನ್ನ ಮುಖ ಕಾಣಂಗೆ’ ಅಂದ್ಲು.

ನಿಮ್ಮ ನಿಂಗರಾಜ್‌ಗೆ ಬರ್ಕಳಾಕೆ ಹೇಳು: ಹನ್ನೆರಡು ಸಾವಿರ, ನಾಲ್ಕು ಉಡಿ, ಉಚ್ಚೆಂಗೆಮ್ಮ ಮುಂದೆ.

ನಿನ್ನ ದೊಡ್ಡವ್ವ,
ಸೋಬಾನೆ ಹಾಡೋ ಉಚ್ಚೆಂಗೆಮ್ಮ